ಅಂಡಿಗೆಯ ಗಂಟು

ಈ ಲೋಕದಲ್ಲಿ ಕುಬೇರಪ್ಪ ನಂಬುತ್ತಿದ್ದುದು ಎರಡನ್ನು ಮಾತ್ರ. ಒಂದು, ಕೊರಳಲ್ಲಿದ್ದ ಲಿಂಗ. ಇನ್ನೊಂದು, ತಾನೇ ಕೈಯಾರೆ ಕಟ್ಟಿದ ಗಂಟು. ಉಳಿದವರೆಲ್ಲ ಅವನ ಕಣ್ಣಿಗೆ ಆರೋಪಿಗಳೇ. ಹಾಲಿನವನು ಬಂದರೆ ಪಾತ್ರೆಯೊಳಗೆ ಬೆರಳು ಅದ್ದಿ ನೋಡುವನು. ಆಟೋದಲ್ಲಿ ಕೂತರೆ ರಸ್ತೆ ಬಿಟ್ಟು ಮೀಟರನ್ನೇ ದಿಟ್ಟಿಸುವನು. ಹೆಂಡತಿ ಬಾಳವ್ವ "ಸಾರಿಗೆ ಉಪ್ಪು ಕಡಿಮಿ ಹಾಕೇನ್ರಿ, ಡಾಕ್ಟರು ಹೇಳ್ಯಾರ" ಎಂದರೆ, ಡಾಕ್ಟರು ಹೇಳಿದ್ದು ನಿಜವೋ ಇಲ್ಲ ಮನೆಯಲ್ಲಿ ಉಪ್ಪೇ ತೀರಿದೆಯೋ ಎಂದು ಅಡುಗೆಮನೆಗೆ ಹೋಗಿ ಭರಣಿಯ ಮುಚ್ಚಳ ತೆರೆದು ನೋಡಿ ಬರುವನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಕುಬೇರಪ್ಪನ ಮಟ್ಟಿಗೆ ಅದು ರೋಗವಲ್ಲ, ಮನೆತನದಿಂದ ಬಂದ ವಿದ್ಯೆ.

ಅವನ ಅಜ್ಜನ ಕಾಲದಿಂದಲೂ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ. ಅಂಗಡಿಯಿಂದ ಹೊರಟ ಅಂಡಿಗೆ, ಅಂದರೆ ಹತ್ತಿ ಒತ್ತಿ ತುಂಬಿದ ಮೂಟೆ, ಗಿರಣಿ ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಯಾವನೋ ಹಗ್ಗ ಬಿಚ್ಚಿ, ಒಳ್ಳೆಯ ಹತ್ತಿ ಎಳೆದುಕೊಂಡು, ಅಷ್ಟೇ ತೂಕದ ಕಸ ತುರುಕಿ, ಏನೂ ಆಗಿಲ್ಲವೆಂಬಂತೆ ಮತ್ತೆ ಕಟ್ಟಿ ಕಳಿಸುವುದು ಆಗ ಮಾಮೂಲು. ಅಜ್ಜ ಅದಕ್ಕೊಂದು ಉಪಾಯ ಮಾಡಿದ. ಎಡದ ಎಳೆಯನ್ನು ಬಲದ ಕೆಳಗೆ ತಂದು, ಮೇಲೆ ಸುತ್ತಿ, ತುದಿಯನ್ನು ಒಳಗೇ ಅಡಗಿಸಿ ಹಾಕುವ ಒಂದು ಗಂಟು. ಬಿಚ್ಚಲು ಯಾರಿಗಾದರೂ ಬರುತ್ತದೆ. ಮತ್ತೆ ಹಾಗೆಯೇ ಕಟ್ಟಲು ಮನೆತನದವರಿಗೆ ಬಿಟ್ಟರೆ ಇನ್ನಾರಿಗೂ ಬರುವುದಿಲ್ಲ. ಗಂಟು ಬದಲಾಯಿತೆಂದರೆ ಕಳ್ಳ ಕೈ ಹಾಕಿದನೆಂದೇ ಲೆಕ್ಕ. ಮುಂಬೈ ಗಿರಣಿಯ ಗುಮಾಸ್ತರೂ ಆ ಗಂಟು ಕಂಡರೆ ತೂಕ ನೋಡದೆ ಮಾಲು ಒಳಗೆ ತೆಗೆದುಕೊಳ್ಳುತ್ತಿದ್ದರೆಂದು ಕುಬೇರಪ್ಪ ಹೇಳುತ್ತಿದ್ದ. ಕೇಳಿದವರಿಗೆ ಕೇಳಿ ಕೇಳಿ ಸಾಕಾಗಿತ್ತು.

ಈಗ ಗೋಕುಲ ರಸ್ತೆಯ ಅವರ ಗೋದಾಮಿನಲ್ಲಿ ಹತ್ತಿಯ ಎಳೆಯೂ ಇಲ್ಲ. ಅಂಗಳದ ತುಂಬ ಕಬ್ಬಿಣದ ಡಬ್ಬಿಗಳು. ಡಬ್ಬಿಯೆಂದರೆ ಒಂದು ಎಮ್ಮೆ ಆರಾಮವಾಗಿ ಮಲಗುವಷ್ಟು ದೊಡ್ಡ ತೊಟ್ಟಿ. ಹಳೇ ಮನೆ ಕೆಡವುವವರು, ಹೊಸದು ಕಟ್ಟುವವರು ಹೇಳಿ ಕಳಿಸಿದರೆ ಅದನ್ನು ಒಯ್ದು ಅವರ ಬಾಗಿಲಲ್ಲಿ ಇಡುವುದು. ಒಡೆದ ಇಟ್ಟಂಗಿ, ಗಾರೆ, ಹೆಂಚು ತುಂಬಿದ ಮೇಲೆ ಎರಡು ಕಬ್ಬಿಣದ ತೋಳುಗಳಿರುವ ಲಾರಿ ಹೋಗಿ ಡಬ್ಬಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬರುವುದು. ಇದು ಮಗಳು ಶಾಂಭವಿ ಕಟ್ಟಿದ ಉದ್ಯೋಗ. ಸಿವಿಲ್ ಓದಿದ ಹುಡುಗಿ, ಮಾತು ಕಡಿಮೆ, ಹಟ ಜಾಸ್ತಿ. ಹಟ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿರಲಿಲ್ಲ.

ಶಾಂಭವಿಯ ಯಾರ್ಡಿನಲ್ಲಿ ಕಾಯದೆಯೆಂದರೆ ಕಾಯದೆ. ಡಬ್ಬಿಯ ಅಂಚಿಗಿಂತ ಒಂದು ಇಟ್ಟಂಗಿಯೂ ಮೇಲೆ ಕಾಣಬಾರದು. ಮೇಲೆ ತಾಡಪತ್ರಿ ಹೊದಿಸಿ, ಸುತ್ತಲೂ ಬಿಗಿಯುವ ಪಟ್ಟಿಗಳ ಕೊಕ್ಕೆ ಸಿಕ್ಕಿಸಿಯೇ ಗಾಡಿ ಎತ್ತಬೇಕು. ಡಬ್ಬಿ ಹಿಡಿದ ಸರಪಳಿಗಳಿಗೆ ಪಿನ್ನು ಬಿದ್ದಿರಬೇಕು, ಹಿಂದೆ ಅಂಟಿಸಿದ ಕೆಂಪು ಪಟ್ಟಿ ಹೊಳೆಯುತ್ತಿರಬೇಕು. ಕಟ್ಟಡದ ಕಸದೊಳಗೆ ಮನೆಯ ಕಸವನ್ನೋ ಹಳೇ ಬ್ಯಾಟರಿಯನ್ನೋ ಬೆರೆಸುವಂತಿಲ್ಲ. ಪಾಲಿಕೆ ತೋರಿಸಿದ ಜಾಗದಲ್ಲಿ ಬಿಟ್ಟು ಬೇರೆಲ್ಲೂ ಸುರಿಯುವಂತಿಲ್ಲ. ಹೊರಡುವ ಮುಂಚೆ ಡ್ರೈವರು ಗಾಡಿಯ ಸುತ್ತ ನಡೆದು ನೋಡಬೇಕು, ಊರು ದಾಟಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ನೋಡಬೇಕು. ರಸ್ತೆಯ ಮೇಲೆ ಏನಾದರೂ ಬಿದ್ದು ಯಾರಿಗಾದರೂ ಬಡಿಯಿತೋ, ಮೊದಲು ಹೋಗುವುದು ಡ್ರೈವರನ ಲೈಸನ್ಸು.

"ಒಡೆದ ಇಟ್ಟಂಗಿಗೆ ಇಷ್ಟ ಸೋಬಾನ ಯಾಕವ್ವಾ?" ಎಂದು ಕುಬೇರಪ್ಪ ನಗುತ್ತಿದ್ದ. "ಒಂದು ಛಲೋ ಹಗ್ಗ, ಒಂದು ಛಲೋ ಗಂಟು. ಮುಗೀತು."

"ಹಗ್ಗದ ಕಾಲ ಹೋತು ಅಪ್ಪಾಜಿ," ಎನ್ನುತ್ತಿದ್ದಳು ಮಗಳು.

ಈ ಮಾತು ಅವನಿಗೆ ಚುಚ್ಚುತ್ತಿತ್ತು. ತನ್ನದೇ ಗೋದಾಮಿನಲ್ಲಿ ತಾನೊಬ್ಬ ನೋಡುಗನಾದೆ ಅನ್ನಿಸುತ್ತಿತ್ತು. ಆದರೂ ದಿನಾ ಬೆಳಿಗ್ಗೆ ಧೋತರ ಉಟ್ಟು, ಟೋಪಿ ಇಟ್ಟು, ಯಾರ್ಡಿಗೆ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದ. ಬರುವ ಹೋಗುವ ಗಾಡಿಗಳನ್ನು ನೋಡುವುದೇ ಅವನ ಉಸಿರು. ಮನೆಯಲ್ಲಿ ಕೂತರೆ ಎರಡೇ ದಿನಕ್ಕೆ ಹಾಸಿಗೆ ಹಿಡಿಯುತ್ತಾನೆಂದು ಬಾಳವ್ವನಿಗೂ ಗೊತ್ತಿತ್ತು.

ಅವನ ಕಣ್ಣು ಕಲ್ಲೇಶನ ಮೇಲೆ ಬಿದ್ದದ್ದು ಸುಮ್ಮನೆ ಅಲ್ಲ. ಕಲ್ಲೇಶ ಲಕಮನಹಳ್ಳಿಯವನು, ಶಾಂಭವಿಯೇ ಹುಡುಕಿ ತಂದ ಡ್ರೈವರು. ಎದುರು ಮಾತಿಲ್ಲ, ಚಟವಿಲ್ಲ, ಏನು ಕೇಳಿದರೂ "ಹೌದ್ರಿ ಸಾವ್ಕಾರ್ರ." ಇಷ್ಟು ಒಳ್ಳೆಯವನು ಒಳ್ಳೆಯವನಾಗಿರಲು ಹೇಗೆ ಸಾಧ್ಯ? ಅತಿವಿನಯ ಧೂರ್ತ ಲಕ್ಷಣ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಹೀಗೆ ಒಳಗೊಳಗೇ ಹುಳ ಬಿಟ್ಟುಕೊಂಡಿದ್ದ ಕುಬೇರಪ್ಪನಿಗೆ ಒಂದು ದಿನ ಧಾರವಾಡದಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯಲ್ಲಿ ಕಂಡದ್ದು ಹಬ್ಬದೂಟವೇ ಆಯಿತು. ಸತ್ತೂರಿನ ಹತ್ತಿರ ರಸ್ತೆ ಬದಿಗೆ ಅವರದೇ ಲಾರಿ ನಿಂತಿದೆ. ತಾಡಪತ್ರಿಯ ಒಂದು ಮೂಲೆ ತೆರೆದಿದೆ. ಕಲ್ಲೇಶ ಡಬ್ಬಿಯ ಮೇಲೆ ಹತ್ತಿ ಒಳಗೆ ಕೈ ಹಾಕಿದ್ದಾನೆ.

ಬಸ್ಸು ಮುಂದೆ ಹೋಯಿತು. ಕುಬೇರಪ್ಪನ ತಲೆ ಅಲ್ಲೇ ಉಳಿಯಿತು. ಹಳೇ ಮನೆಗಳ ಅವಶೇಷವೆಂದರೆ ಬರೀ ಇಟ್ಟಂಗಿಯೇ? ಸಾಗವಾನಿಯ ತುಂಡು ಇರುತ್ತದೆ, ಹಿತ್ತಾಳೆಯ ಚಿಲಕ ಇರುತ್ತದೆ, ಕಬ್ಬಿಣದ ಸರಳು ಇರುತ್ತದೆ. ಅಥವಾ ತೆಗೆಯುವುದಲ್ಲ, ಹಾಕುವುದೇ ಇದ್ದರೆ? ಯಾವುದೋ ದವಾಖಾನೆಯ ಸೂಜಿ ಸಿರಿಂಜನ್ನು ಗುಟ್ಟಾಗಿ ತಂದು ನಮ್ಮ ಡಬ್ಬಿಯಲ್ಲಿ ಸೇರಿಸುತ್ತಿದ್ದರೆ? ಸಿಕ್ಕಿಬಿದ್ದ ದಿನ ಗಾಡಿ ಜಪ್ತಿ, ಪರವಾನಿಗೆ ರದ್ದು, ಮಗಳು ಕೋರ್ಟಿನ ಮೆಟ್ಟಿಲ ಮೇಲೆ. ಯಾರ್ಡು ಮುಟ್ಟುವಷ್ಟರಲ್ಲಿ ಕಲ್ಲೇಶ ಅವನ ಮನಸ್ಸಿನಲ್ಲಿ ಎರಡೂ ಅಪರಾಧ ಮಾಡಿ ಮುಗಿಸಿದ್ದ.

ಶಾಂಭವಿ ಕೇಳಿ ನಕ್ಕುಬಿಟ್ಟಳು. "ನಾನ ಹೇಳೇನಿ ಅಪ್ಪಾಜಿ, ಊರು ದಾಟಿದ ಮ್ಯಾಲೆ ನಿಲ್ಲಿಸಿ ನೋಡು ಅಂತ. ಭಾರ ಕೂತಿರ್ತೈತಿ, ತಾಡಪತ್ರಿ ಸಡ್ಲ ಆಗಿರ್ತೈತಿ."

"ನೀನ ಹೇಳೀದಿ. ಕಳ್ಳಗೊಂದು ಪಿಳ್ಳೆ ನೆವ. ಅವಂಗ ಅಷ್ಟ ಬೇಕಾಗಿತ್ತು."

"ಒಂದು ವರ್ಷಾತು ಅವ ಬಂದು. ಒಂದು ತಪ್ಪು ಮಾಡ್ಯಾನೇನು?"

"ಅದಽ ನನಗ ಸಂಶೆ. ಒಂದೂ ತಪ್ಪು ಮಾಡದವ ಮನಿಷಾ ಅಲ್ಲ ತಂಗಿ, ಮುಚ್ಚಿಡವ."

ಶಾಂಭವಿ ಫೋನು ಎತ್ತಿಕೊಂಡು ಎದ್ದು ಹೋದಳು. ಕುಬೇರಪ್ಪ ಗೋದಾಮಿನ ಮೂಲೆಯಲ್ಲಿ ತೂಗುಬಿದ್ದಿದ್ದ ಹಳೇ ಸೆಣಬಿನ ಹಗ್ಗದ ಸುರುಳಿಯಿಂದ ಒಂದು ಮಾರು ಕತ್ತರಿಸಿ ಚೀಲದಲ್ಲಿ ಇಟ್ಟುಕೊಂಡ.

ಧಾರವಾಡದ ಸಪ್ತಾಪುರದಲ್ಲಿ ಬಾಳಕೃಷ್ಣ ಮಾಸ್ತರರ ಹಳೇ ಮನೆ ಕೆಡವುವ ಕೆಲಸ ನಡೆದಿತ್ತು. ಮಾಸ್ತರರು ನಿವೃತ್ತರು, ಕುಬೇರಪ್ಪನಿಗೆ ಹಳೇ ಪರಿಚಯ. ಮಾಸ್ತರರನ್ನು ಮಾತಾಡಿಸುವ ನೆಪದಲ್ಲಿ ಅವನು ಮರುದಿನವೇ ಅಲ್ಲಿಗೆ ಹೋದ. ಕಲ್ಲೇಶ ಡಬ್ಬಿ ಎತ್ತಿ, ತಾಡಪತ್ರಿ ಹೊದಿಸಿ, ಪಟ್ಟಿ ಬಿಗಿದು, ಸುತ್ತ ನಡೆದು ನೋಡಿ, ಚೀಟಿಗೆ ಸಹಿ ಹಾಕಿಸಲು ಮಾಸ್ತರರ ಬಳಿ ಒಳಗೆ ಹೋದ. ಆ ಸಂದಿನಲ್ಲಿ ಕುಬೇರಪ್ಪ ಲಾರಿಯ ಹಿಂಬದಿಗೆ ಹೋಗಿ ತಾಡಪತ್ರಿಯ ಮೂಲೆಯ ತೂತಿಗೂ ಡಬ್ಬಿಯ ಕೊಂಡಿಗೂ ಸೇರಿಸಿ ತನ್ನ ಹಗ್ಗ ಬಿಗಿದ. ಅಜ್ಜನ ಗಂಟು. ಬೆರಳುಗಳು ಮರೆತಿರಲಿಲ್ಲ. ಎದೆ ಹಗುರಾಯಿತು.

ಆಮೇಲೆ ಆಟೋ ಹಿಡಿದು ಊರ ಹೊರಗಿನ ಸುರಿಯುವ ಜಾಗಕ್ಕೆ ಮೊದಲೇ ಹೋಗಿ ಗೇಟಿನ ಬಳಿ ಕಾದು ನಿಂತ. ಲಾರಿ ಬಂತು. ಹಿಂದೆ ಹೋಗಿ ನೋಡಿದರೆ ಹಗ್ಗವಿದೆ, ಗಂಟು ಬೇರೆ. ಡ್ರೈವರುಗಳು ಹಾಕುವ ಸಾದಾ ಗಂಟು.

ಕುಬೇರಪ್ಪನಿಗೆ ಆದ ಸಂತೋಷ ಹೇಳತೀರದು. ಮನುಷ್ಯನೊಬ್ಬ ಕಳ್ಳನೆಂದು ಗೊತ್ತಾದರೆ ಇಷ್ಟು ಖುಷಿಪಡುವವರೂ ಇರುತ್ತಾರೆ, ಏನು ಮಾಡುವುದು! ಸಂಜೆ ಯಾರ್ಡಿನಲ್ಲಿ ಕಲ್ಲೇಶನನ್ನು ಮಗಳ ಮುಂದೆ ನಿಲ್ಲಿಸಿದ.

"ಹಗ್ಗ ಯಾಕ ಬಿಚ್ಚಿದಿ?"

"ಬಿಚ್ಚಿಲ್ರಿ ಸಾವ್ಕಾರ್ರ. ಸತ್ತೂರ ಹತ್ರ ನೋಡಿದೆ, ಯಾವುದೋ ಹಗ್ಗ ಸಡ್ಲಾಗಿ ಜೋತಾಡಾಕತ್ತಿತ್ತು. ಮಾಸ್ತರ್ರು ಕಟ್ಟಿರಬೇಕಂತ ಬಿಗದ ಕಟ್ಟಿದೆ."

"ನಮ್ಮ ಗಂಟು ಸಡ್ಲ ಆತು?" ಕುಬೇರಪ್ಪ ಕುರ್ಚಿಯಿಂದ ಎದ್ದೇ ಬಿಟ್ಟ. "ಮುಂಬೈ ತನಕಾ ಹೋಗಿ ಬಂದ ಗಂಟೋ ಅದು! ದಾರಿ ಸಾಗಿದಂಗ ಬಿಗಿ ಆಗೋ ಗಂಟು! ನಿನ್ನ ಬಾಯಾಗ ಅದು ಸಡ್ಲ ಆತು?"

ಕಲ್ಲೇಶ ತಲೆ ತಗ್ಗಿಸಿ ನಿಂತ. ತಗ್ಗಿದ ತಲೆಯೇ ಕುಬೇರಪ್ಪನಿಗೆ ಸಾಕ್ಷಿ. ಶಾಂಭವಿ ಈ ಸಲ ನಗಲಿಲ್ಲ. ಆ ಗಂಟನ್ನು ಅವಳೂ ಚಿಕ್ಕವಳಿದ್ದಾಗಿಂದ ನೋಡಿದವಳು. ಅದು ತಾನಾಗಿ ಬಿಚ್ಚಿದ್ದನ್ನು ಕಂಡಿರಲಿಲ್ಲ. ಕಲ್ಲೇಶನನ್ನು ಕಳಿಸಿ ಅಪ್ಪನ ಎದುರು ಬಂದು ನಿಂತಳು.

"ಅಪ್ಪಾಜಿ, ಇನ್ನೊಂದು ಸಲ ನೋಡ್ರಿ. ಅವ ಖರೇನ ಕೈ ಹಾಕ್ತಿದ್ರ ನಾಳೇನ ಕೆಲಸ ಬಿಡಿಸ್ತೇನಿ. ನಿಮ್ಮ ಸಂಶೆ ಸುಳ್ಳಾದ್ರ ನೀವು ಯಾರ್ಡಿಗೆ ಬರೋದು ಬಿಡಬೇಕು. ನಿಮ್ಮ ಕಾಟಕ್ಕ ಹಿಂದಿನ ಡ್ರೈವರನೂ ಬಿಟ್ಟು ಹೋದ. ಇವನೂ ಹೋದ್ರ ನಾ ಗಾಡಿ ಯಾರ ಕೈಯಾಗ ಕೊಡ್ಲಿ?"

ಮಗಳ ಕಣ್ಣು ತುಂಬಿದ್ದನ್ನು ಕುಬೇರಪ್ಪ ಕಂಡ. ಆದರೆ ಗೆಲ್ಲುವವನಿಗೆ ಪಂತದ ಭಯವೇನು? "ಆತು ತಗೋ," ಎಂದ. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ಪಂತದ ಇನ್ನೊಂದು ಬದಿ ನೆನಪಾಯಿತು. ಬಾಗಿಲ ಬಳಿಯ ಆ ಕುರ್ಚಿ ಇಲ್ಲದಿದ್ದರೆ ಬೆಳಗಾದ ಮೇಲೆ ತಾನು ಎಲ್ಲಿಗೆ ಹೋಗಬೇಕು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮಾಸ್ತರರ ಮನೆಯ ಮುಂದಿನ ಡಬ್ಬಿ ತುಂಬಿದ ದಿನ ಕುಬೇರಪ್ಪ ಪೂರ್ತಿ ತಯಾರಾಗಿ ಹೋದ. ಹೋದ ಸಲ ಒಂದು ತಪ್ಪಾಗಿತ್ತು ಅಂದುಕೊಂಡ. ಪಟ್ಟಿಗಳು ಬೇರೆ, ಹಗ್ಗ ಬೇರೆ ಇದ್ದದ್ದರಿಂದ ಕಲ್ಲೇಶನಿಗೆ 'ಸಡ್ಲಾಗಿತ್ತು' ಎಂದು ಜಾರಿಕೊಳ್ಳಲು ಬಂತು. ಈ ಸಲ ಜಾರಲು ಜಾಗವೇ ಇರಬಾರದು. ಕಲ್ಲೇಶ ಎಂದಿನಂತೆ ಎಲ್ಲ ಬಿಗಿದು, ಸುತ್ತ ನಡೆದು ನೋಡಿ, ಸಹಿಗೆಂದು ಒಳಗೆ ಹೋದೊಡನೆ ಕುಬೇರಪ್ಪ ಹಿಂಬದಿಯ ಪಟ್ಟಿಗಳ ಕೊಕ್ಕೆಗಳನ್ನು ಒಂದೊಂದಾಗಿ ಬಿಡಿಸಿ, ಪಟ್ಟಿಗಳನ್ನು ಮಡಚಿ ತಾಡಪತ್ರಿಯ ಒಳಗೇ ತುರುಕಿದ. ಆ ಇಡೀ ಬದಿಯನ್ನು ತನ್ನ ಒಂದೇ ಹಗ್ಗದಿಂದ ಕಟ್ಟಿದ. ಈಗ ಆ ಗಂಟು ಬಿಚ್ಚದೆ ತಾಡಪತ್ರಿಯ ಅಂಚನ್ನು ಎತ್ತುವುದು ಬ್ರಹ್ಮನಿಂದಲೂ ಆಗದು. ಗಂಟು ಇನ್ನಷ್ಟು ಬಿಗಿಯಲೆಂದು ಬಾಟಲಿಯ ನೀರು ಹನಿಸಿ ತೋಯಿಸಿದ, ಅಪ್ಪ ಮಾಡುತ್ತಿದ್ದ ಹಾಗೆ. ಬಿಚ್ಚು ಮಗನೇ ಈಗ, ಅಂದುಕೊಂಡ.

ಕಲ್ಲೇಶ ಹೊರಗೆ ಬಂದು ನೇರವಾಗಿ ಗಾಡಿ ಹತ್ತಿದ. ಸುತ್ತ ನೋಡಿ ಆಗಿತ್ತಲ್ಲ. ಸಾವ್ಕಾರರೇ ಹಿಂದೆ ನಿಂತು ಕೈಯಾಡಿಸುತ್ತಾರೆಂದು ಅವನಿಗೇಕೆ ಅನ್ನಿಸಬೇಕು?

ಕುಬೇರಪ್ಪ ಓಡೋಡಿ ಬಂದು ಆಟೋ ಹತ್ತಿದ. ಆಟೋದ ಅಬ್ದುಲಗನಿ ಗಡ್ಡ ನೆರೆತ ಮನುಷ್ಯ, ಮಾತಿನ ಮಲ್ಲ.

"ಆ ಲಾರಿ ಹಿಂದ ಹೋಗಪಾ. ಬಿಡಬ್ಯಾಡ."

"ಏನ್ರಿ ಅಜ್ಜಾರ, ಲಾರ್‍ಯಾಗ ಬಂಗಾರ ಐತೇನ್ರಿ?"

"ಕಳ್ಳ ಅದಾನ."

"ಹಂಗಾರ ಮೀಟರ ನೋಡೂದ ಬಿಟ್ಟು ಮುಂದ ನೋಡ್ರಿ," ಎಂದ ಅಬ್ದುಲಗನಿ.

ಕುಬೇರಪ್ಪ ಮುಂದೆ ನೋಡಿದ. ಸಪ್ತಾಪುರದಿಂದ ಜುಬಿಲಿ ಸರ್ಕಲ್ಲಿನವರೆಗೂ ರೆಪ್ಪೆ ಮಿಟುಕಿಸದೆ ನೋಡಿದ. ಸಿಗ್ನಲ್ಲು ಬಿಟ್ಟರೆ ಲಾರಿ ಎಲ್ಲೂ ನಿಲ್ಲಲಿಲ್ಲ. ರಸ್ತೆಯ ಉಬ್ಬುಗಳಲ್ಲಿ ಮೆಲ್ಲಗೆ ಏರಿ ಇಳಿಯಿತು. ಪ್ರತಿ ಸಲವೂ ಡಬ್ಬಿಯೊಳಗೆ ಇಟ್ಟಂಗಿಗಳು ದಡದಡ ಸದ್ದು ಮಾಡಿದವು. ಟೋಲ್ ನಾಕಾ ದಾಟಿದಾಗ ಅವನಿಗೆ ಹಿಂಬದಿಯ ತಾಡಪತ್ರಿ ಸ್ವಲ್ಪ ಕುಸಿದಂತೆ ಕಂಡಿತು. ಇನ್ನೂ ಸ್ವಲ್ಪ ಮುಂದೆ ಹೋದಾಗ ಗಂಟಿನೊಳಗೆ ಅಡಗಿಸಿದ್ದ ಹಗ್ಗದ ತುದಿ ಹೊರಗೆ ಬಂದು ಗಾಳಿಗೆ ಅಲ್ಲಾಡುತ್ತಿತ್ತು.

ಬಿಚ್ಚಿದ್ದಾನೆ! ಕುಬೇರಪ್ಪ ಮುಂದಕ್ಕೆ ಬಾಗಿದ. ಎಲ್ಲಿ ಬಿಚ್ಚಿದ? ಯಾವಾಗ? ಕೋರ್ಟ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತ್ತು. ಆಗ ಯಾರಾದರೂ ಹತ್ತಿರ ಬಂದರೇ? ಇಲ್ಲ. ಹೂ ಮಾರುವವಳೊಬ್ಬಳು ಹಾದು ಹೋದಳು, ಅವಳು ಇವನ ಕಡೆಯವಳೇ? ಅವಳ ಕೈಯಲ್ಲಿ ಬುಟ್ಟಿ ಇತ್ತು, ಎರಡೂ ಕೈಯಲ್ಲಿ. ಹಾಗಾದರೆ ಯಾರು? ಕಲ್ಲೇಶ ಗಾಡಿಯಿಂದ ಇಳಿದೇ ಇಲ್ಲ. ತಾನು ಕಣ್ಣು ತೆಗೆದೇ ಇಲ್ಲ.

ಇಷ್ಟು ಹೊತ್ತಿಗೆ ಅಬ್ದುಲಗನಿಗೆ ಹಾರ್ನ್ ಹೊಡೆ ಎನ್ನಬಹುದಿತ್ತು. ಲಾರಿಯ ಪಕ್ಕಕ್ಕೆ ಹೋಗಿ ಕೂಗಬಹುದಿತ್ತು. ಕುಬೇರಪ್ಪ ಮಾಡಲಿಲ್ಲ. ಅವನು ಕಳ್ಳನನ್ನು ಹುಡುಕುತ್ತಿದ್ದ.

ವಿದ್ಯಾಗಿರಿಯ ಹತ್ತಿರ ಲಾರಿ ಸ್ವಲ್ಪ ವೇಗ ಹಿಡಿಯಿತು. ಹಗ್ಗ ಪೂರ್ತಿ ಜಾರಿ ರಸ್ತೆಗೆ ಬಿತ್ತು. ತಾಡಪತ್ರಿಯ ಹಿಂಬದಿ ಗಾಳಿ ತುಂಬಿಕೊಂಡು ಮೇಲೆದ್ದು, ಅಂಚಿನಲ್ಲಿದ್ದ ಹೆಂಚಿನ ಚೂರುಗಳನ್ನು ಗೋರಿಕೊಂಡು ಹೊರಕ್ಕೆ ಬೀಸಿತು. ಲಾರಿಯ ಹಿಂದೆ ಸ್ಕೂಟಿಯಲ್ಲಿ ಹೋಗುತ್ತಿದ್ದ ಹೆಣ್ಣುಮಗಳು ಬ್ರೇಕ್ ಹಾಕಿದಳು. ಸ್ಕೂಟಿ ವಾಲಿತು, ಅವಳು ರಸ್ತೆಗೆ ಉರುಳಿದಳು. ಅಬ್ದುಲಗನಿ ಆಟೋವನ್ನು ಎಡಕ್ಕೆ ಎಳೆದು ನಿಲ್ಲಿಸದಿದ್ದರೆ ಆಟೋದ ಗಾಲಿಯೇ ಅವಳ ಮೇಲೆ ಹೋಗುತ್ತಿತ್ತು.

"ಯಾ ಅಲ್ಲಾ!" ಎಂದ ಅವನು.

ಅವಳು ಎದ್ದು ಕೂತಾಗ ಕುಬೇರಪ್ಪನಿಗೆ ಉಸಿರು ಬಂತು. ಮೊಣಕೈ ಕೆತ್ತಿತ್ತು, ಹೆಲ್ಮೆಟ್ಟಿನ ಮೇಲೆ ಹೆಂಚು ಬಡಿದ ಬಿಳಿಯ ಗೀರು. ಹೆಸರು ಚಿನ್ಮಯೀ, ಕಾಲೇಜಿನಲ್ಲಿ ಕಲಿಸುವವಳು. ಎದ್ದು ನಿಂತು, ಓಡಿ ಬಂದ ಕಲ್ಲೇಶನ ಮೇಲೆ ಹರಿಹಾಯ್ದಳು. "ನನ್ನ ಮಗಳು ದಿನಾ ಹಿಂದ ಕೂಡ್ತಾಳ! ಹೆಲ್ಮೆಟ್ ಇಲ್ಲದ ಕೂಡ್ತಾಳ! ಇವತ್ತು ಅಕಿಗೆ ಜ್ವರ ಇತ್ತು ಅಂತ ಬಿಟ್ಟು ಬಂದೇನಿ. ಗೊತ್ತೈತೇನು ನಿಮಗ?"

"ತಪ್ಪಾತ್ರಿ ಅಕ್ಕಾರ, ತಪ್ಪಾತ್ರಿ," ಎನ್ನುತ್ತ ಕಲ್ಲೇಶ ಅವಳ ಸ್ಕೂಟಿಯನ್ನು ಎತ್ತಿ ಬದಿಗೆ ನಿಲ್ಲಿಸಿದ. ಯಾರ್ಡಿಗೆ ಫೋನು ಮಾಡಿದ. ಅಷ್ಟರಲ್ಲಿ ಮುಂದಿನ ಸರ್ಕಲ್ಲಿನಿಂದ ಟ್ರಾಫಿಕ್ ಹವಾಲ್ದಾರ ಯಂಕಣ್ಣ ಬಂದ. ಚಿಗರಿ ಎಂಬ ನಗರ ಬಸ್ಸುಗಳು ತಮಗೇ ಮೀಸಲಾದ ದಾರಿಯಲ್ಲಿ ಹಾಯ್ದು ಹೋಗುತ್ತಿದ್ದವು, ಕಿಟಕಿಗಳಿಂದ ಜನ ಕತ್ತು ಚಾಚಿ ನೋಡುತ್ತಿದ್ದರು.

"ಪಟ್ಟಿ ಎಲ್ಲಿ?" ಯಂಕಣ್ಣ ಡಬ್ಬಿಯ ಹಿಂದೆ ನಿಂತು ಕೇಳಿದ.

"ಹಾಕಿದ್ದೆರಿ ಸಾಹೇಬ್ರ. ಸುತ್ತ ನೋಡೇ ಹೊಂಟೇನ್ರಿ."

ಯಂಕಣ್ಣ ತಾಡಪತ್ರಿ ಎತ್ತಿದ. ಮಡಚಿಟ್ಟ ಪಟ್ಟಿಗಳು ಒಳಗೆ ಕಂಡವು. "ಹಾಕಿದ ಪಟ್ಟಿ ತಾವ ಬಿಚ್ಚಿಗೊಂಡು, ತಾವ ಮಡಚಿಗೊಂಡು, ಒಳಗ ಹೋಗಿ ಮಲಗಿದ್ವೇನು? ಲೈಸನ್ಸ್ ತಗಿ."

ಕಲ್ಲೇಶ ಬಿದ್ದಿದ್ದ ಹಗ್ಗವನ್ನು ಕೈಯಲ್ಲಿ ಹಿಡಿದಿದ್ದ. ಒಮ್ಮೆ ಹಗ್ಗ ನೋಡಿದ. ಒಮ್ಮೆ ಆಟೋದಲ್ಲಿ ಕೂತ ಕುಬೇರಪ್ಪನನ್ನು ನೋಡಿದ. ಕಿಸೆಯಿಂದ ಲೈಸನ್ಸು ತೆಗೆದು ಕೊಟ್ಟ.

ಕುಬೇರಪ್ಪನಿಗೆ ಈಗ ಸುಮ್ಮನೆ ಕೂತಿದ್ದರೆ ಸಾಕಿತ್ತು. ಮಗಳ ಮಾತಿನ ಪ್ರಕಾರ ಕಲ್ಲೇಶ ಹೋಗುತ್ತಾನೆ, ಬಾಗಿಲ ಬಳಿಯ ಕುರ್ಚಿ ಉಳಿಯುತ್ತದೆ. ಹಗ್ಗ ಯಾರದೆಂದು ಯಾರೂ ಸಾಧಿಸಲಾರರು. ಈ ವಿಚಾರ ಬಂದದ್ದು ಸುಳ್ಳಲ್ಲ. ಬಂದದ್ದಷ್ಟೇ ಅಲ್ಲ, ಒಂದು ಗಳಿಗೆ ಅದು ಅವನಿಗೆ ಸಮಾಧಾನವನ್ನೂ ಕೊಟ್ಟಿತು. ಆ ಸಮಾಧಾನದ ನಾಚಿಕೆಯೇ ಅವನನ್ನು ಆಟೋದಿಂದ ಕೆಳಗಿಳಿಸಿತು.

"ಹವಾಲ್ದಾರ್ರ, ಹಗ್ಗ ನಾ ಕಟ್ಟೇನಿ. ಪಟ್ಟಿ ನಾ ಬಿಡಿಸೇನಿ. ಅವಂದೇನೂ ತಪ್ಪಿಲ್ಲ."

ಯಂಕಣ್ಣ ಅವನನ್ನು ಟೋಪಿಯಿಂದ ಚಪ್ಪಲಿಯವರೆಗೆ ನೋಡಿದ. "ನೀವ್ಯಾರು?"

"ಮಾಲಕರ ತಂದಿ."

"ಹಾಂ, ಈಗ ತಿಳೀತು. ಡ್ರೈವರನ ಲೈಸನ್ಸ್ ಉಳಿಸಾಕ ಹಿರ್‍ಯಾರನ್ನ ಮುಂದ ಬಿಡೋದು. ವಯಸ್ಸಾದವರ ಮ್ಯಾಲೆ ಕೇಸ್ ಹಾಕೂದಿಲ್ಲಂತ ಅಂದುಕೊಂಡೀರೇನು? ಇಂಥಾ ನಾಟಕ ನಾ ದಿನಾ ನೋಡ್ತೇನ್ರಿ ಯಜಮಾನ್ರ."

"ನಾಟಕ ಅಲ್ಲೋ ಮಾರಾಯಾ. ಖರೇ ಹೇಳಾಕತ್ತೇನಿ."

"ಎಲ್ಲಾರೂ ಖರೇನ ಹೇಳ್ತಾರ."

ಕುಬೇರಪ್ಪ ತಬ್ಬಿಬ್ಬಾದ. ಜೀವಮಾನದಲ್ಲಿ ಎಷ್ಟು ಜನರ ಮಾತನ್ನು ಹೀಗೆ ಮುಖದ ಮೇಲೆಯೇ ತಳ್ಳಿದ್ದನೋ ಲೆಕ್ಕವಿಲ್ಲ. ತನ್ನ ಮಾತನ್ನು ಯಾರೂ ಹೀಗೆ ತಳ್ಳಿರಲಿಲ್ಲ. "ಕಟ್ಟಿ ತೋರಸ್ತೇನಿ," ಎಂದ. "ಈ ಗಂಟು ನಮ್ಮ ಮನಿತನದವರಿಗೆ ಬಿಟ್ರ ಯಾರಿಗೂ ಬರೂದಿಲ್ಲ. ನೋಡ್ರಿ."

ಕಲ್ಲೇಶನ ಕೈಯಿಂದ ಹಗ್ಗ ಇಸಿದುಕೊಂಡು ತ್ರಾಸಪಟ್ಟು ಡಬ್ಬಿಯ ಹತ್ತಿರ ಹೋದ. ಎಡದ ಎಳೆ ಬಲದ ಕೆಳಗೆ, ಮೇಲೊಂದು ಸುತ್ತು, ತುದಿ ಒಳಗೆ. ಜನ ಸೇರಿದ್ದರು. ಚಿನ್ಮಯೀ ಮೊಣಕೈಗೆ ಕರವಸ್ತ್ರ ಒತ್ತಿಕೊಂಡು ನೋಡುತ್ತಿದ್ದಳು. ಗಂಟು ಬಿಗಿಯಾಗಿ, ಚೆಂದವಾಗಿ ಕೂತಿತು. ಯಂಕಣ್ಣ ಕಲ್ಲೇಶನಿಗೆ ಸನ್ನೆ ಮಾಡಿದ. ಕಲ್ಲೇಶ ಗಾಡಿಯನ್ನು ಮೆಲ್ಲಗೆ ಸ್ವಲ್ಪ ಮುಂದೆ ಬಿಟ್ಟು, ಬ್ರೇಕ್ ಹಾಕಿದ. ಇಟ್ಟಂಗಿಗಳು ದಡದಡ ಎಂದು ಕೆಳಗೆ ಕೂತವು. ತಾಡಪತ್ರಿ ಕುಸಿಯಿತು. ಎಲ್ಲರೂ ನೋಡುತ್ತಿದ್ದಂತೆ ಹಗ್ಗ ಸಡಿಲಾಗಿ, ತುದಿ ತಾನಾಗಿ ಹೊರಗೆ ಬಂದು, ಗಂಟು ಬಿಚ್ಚಿ ಬಿತ್ತು.

"ಇನ್ನೊಮ್ಮಿ," ಎಂದ ಕುಬೇರಪ್ಪ. ಇನ್ನೊಮ್ಮೆ ಕಟ್ಟಿದ. ಇನ್ನೊಮ್ಮೆ ಬಿಚ್ಚಿತು.

ಆಗ ಅವನಿಗೆ ತಿಳಿಯಿತು. ಒತ್ತಿ ತುಂಬಿದ ಹತ್ತಿ ಒಳಗಿನಿಂದ ಉಬ್ಬುತ್ತದೆ, ಹಗ್ಗವನ್ನು ಹೊರಕ್ಕೆ ತಳ್ಳುತ್ತದೆ, ಆ ತಳ್ಳಾಟಕ್ಕೆ ಗಂಟು ಬಿಗಿಯುತ್ತದೆ. ಇಟ್ಟಂಗಿ ಉಬ್ಬುವುದಿಲ್ಲ, ಕುಸಿಯುತ್ತದೆ. ಅಜ್ಜನ ಗಂಟಿನ ಬಲ ಗಂಟಿನಲ್ಲಿ ಇರಲಿಲ್ಲ, ಹತ್ತಿಯಲ್ಲಿತ್ತು. ಹೋದ ಸಲವೂ ಅದು ತಾನಾಗಿಯೇ ಸಡಿಲಾಗಿತ್ತು. ಆ ಹುಡುಗ ಬಿಗಿದು ಕಟ್ಟಿದ್ದರಿಂದಲೇ ಅವತ್ತು ಯಾರೂ ಬೀಳಲಿಲ್ಲ. ಕುಬೇರಪ್ಪ ಬಗ್ಗಿ ಬಿದ್ದ ಹಗ್ಗ ಸುತ್ತತೊಡಗಿದ.

ಯಂಕಣ್ಣ ಲೈಸನ್ಸನ್ನು ಕಲ್ಲೇಶನ ಕೈಗೆ ಹಿಂದಿರುಗಿಸಿದ.

ಕುಬೇರಪ್ಪ ತಲೆ ಎತ್ತಿದಾಗ ಶಾಂಭವಿ ಎದುರು ನಿಂತಿದ್ದಳು. ಯಾವಾಗ ಬಂದಳೋ, ಮೊದಲ ಸಲ ಗಂಟು ಬಿಚ್ಚಿದಾಗಲೋ ಎರಡನೇ ಸಲವೋ. ಅಪ್ಪನನ್ನು ದಾಟಿ ನೇರ ಚಿನ್ಮಯೀಯ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡಳು. ಯಂಕಣ್ಣ ಕೇಸನ್ನು ಗಾಡಿಯ ಮಾಲಕರ ಹೆಸರಿಗೆ ಬರೆದುಕೊಂಡ. ಶಾಂಭವಿ ಸಹಿ ಮಾಡಿದಳು.

"ಅಪ್ಪಾಜಿ," ಎಂದಳು ಕೊನೆಗೆ, ಚಿನ್ಮಯೀಯನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ತನ್ನ ಕಾರಿನಲ್ಲಿ ಕೂರಿಸಿದ ಮೇಲೆ, "ಮಾತಂದ್ರ ಮಾತು. ನಾಳಿಂದ ಮನ್ಯಾಗ ಇರ್ರಿ."

"ಆತವ್ವಾ," ಎಂದ ಅವನು.

ಕಾರು ಹೋಯಿತು. ಕಲ್ಲೇಶ ಪಟ್ಟಿಗಳನ್ನು ಹೊರಗೆ ತೆಗೆದು ತಾಡಪತ್ರಿಯನ್ನು ಮತ್ತೆ ಎಳೆಯತೊಡಗಿದ. ಒಂದು ಮೂಲೆ ಅವನ ಕೈಗೆ ಎಟುಕದೆ ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ಕುಬೇರಪ್ಪ ಅದನ್ನು ಹಿಡಿದುಕೊಡಲು ಮುಂದೆ ಬಂದ.

"ಬ್ಯಾಡ್ರಿ ಸಾವ್ಕಾರ್ರ," ಎಂದ ಕಲ್ಲೇಶ. ಸಿಟ್ಟಿನಿಂದ ಹೇಳಲಿಲ್ಲ. "ನೀವು ದೂರ ನಿಂದರ್ರಿ."

ಕುಬೇರಪ್ಪ ಹಿಂದೆ ಸರಿದು ಆಟೋದ ಪಕ್ಕ ನಿಂತ. ಕಲ್ಲೇಶ ಒಬ್ಬನೇ ಅತ್ತಿಂದಿತ್ತ ಓಡಾಡಿ ಮೂಲೆ ಹಿಡಿದ, ಕೊಕ್ಕೆ ಸಿಕ್ಕಿಸಿದ, ಎಳೆದು ನೋಡಿದ. ಸುತ್ತ ನಡೆದ. ಸರಪಳಿಯ ಪಿನ್ನು ಮುಟ್ಟಿ ನೋಡಿದ. ಕುಬೇರಪ್ಪ ಹತ್ತಿರವೂ ಹೋಗದಿದ್ದ ಆಚೆ ಬದಿಯ ಪಿನ್ನನ್ನೂ ಮುಟ್ಟಿ ನೋಡಿದ. ಗಾಡಿಯ ಬಾಗಿಲವರೆಗೆ ಹೋಗಿ, ಏನೋ ನೆನಪಾದವನಂತೆ ತಿರುಗಿ ಬಂದ.

"ಸಾವ್ಕಾರ್ರ, ಮತ್ತ ಬ್ಯಾರೆ ಎಲ್ಲೂ ಕೈ ಹಚ್ಚಿಲ್ಲಲ್ರಿ?"

"ಇಲ್ಲಪಾ. ನನ್ನ ಮಗಳಾಣಿ, ಬ್ಯಾರೆ ಎಲ್ಲೂ ಮುಟ್ಟಿಲ್ಲ."

"ಹೌದ್ರಿ ಸಾವ್ಕಾರ್ರ," ಎಂದ ಕಲ್ಲೇಶ.

ಆಮೇಲೆ ರಸ್ತೆಯ ಮೇಲೆ ಮೊಣಕಾಲೂರಿ, ಗಾಡಿಯ ಕೆಳಗೆ ಬಗ್ಗಿ, ಒಂದೊಂದು ಗಾಲಿಯನ್ನೂ ನೋಡಿದ.